ಸಾಹೇಬರ ಬ್ಯಾಟರಿ

ಪಾಯಖಾನೆ ಕಟ್ಟಿಸಿಕೊಡಿ ಎಂದು ಓಣಿಯ ಹೆಂಗಸರು ವರ್ಷಗಟ್ಟಲೆ ಗೋಗರೆದ ಮೇಲೆ, ಆರಿಸಿ ಬಂದ ಸಾಹೇಬರು ಒಂದು ಸಂಜೆ ದಯಮಾಡಿಸಿ ಮನೆಗೊಂದು ಎಲ್‌ಇಡಿ ಬ್ಯಾಟರಿ ಹಂಚಿದರು. ಕತ್ತಲಲ್ಲಿ ಬಯಲಿಗೆ ಹೋಗುವವರಿಗೆ ಹಾವು ಚೇಳು ಕಾಣಲಿ ಎಂದು.

ದುರುಗವ್ವ ಅದನ್ನು ಹೊತ್ತಿಸಿ, ಆರಿಸಿ, ತಿರುಗಿಸಿ ನೋಡಿದಳು. ಹಗಲು ಹೊತ್ತು ಮರೆಯಿಲ್ಲವೆಂದು ಅವಳ ಬಸುರಿ ಸೊಸೆ ಬೆಳಗಿನಿಂದ ಗುಟುಕು ನೀರೂ ಕುಡಿದಿರಲಿಲ್ಲ.

"ಹೆಂಗೈತಿ ಯವ್ವಾ, ಹೊಸಾ ಬ್ಯಾಟ್ರಿ?" ಸಾಹೇಬರು ಕ್ಯಾಮೆರಾ ಕಡೆ ಹಲ್ಲು ಕಿರಿದರು.

"ಬೆಳಕು ಭಾಳ ಐತ್ರೀ. ಇಷ್ಟು ದಿನ ನಾವು ಕುಂತದ್ದು ಯಾರಿಗೂ ಕಾಣ್ತಿರಲಿಲ್ಲ, ಇನ್ನ ಊರಿಗೆಲ್ಲಾ ಕಾಣ್ತದ. ಪಾಯಖಾನಿ ಯಾವಾಗ್ರೀ?"

"ಎಲ್ಲಾ ಒಮ್ಮೆಲೇ ಆಗ್ತದೇನು? ಒಂಚೂರು ತಡ್ಕೊಳ್ಳೋದು ಕಲೀರಿ."

ಹಿಂದಿದ್ದ ಪುಢಾರಿಗಳು ಹೋ ಎಂದು ನಕ್ಕರು. ಹಾರ ಬಿತ್ತು, ತಟ್ಟೆತಟ್ಟೆ ಮಿರ್ಚಿ ಭಜಿ ಬಂತು, ಭಾಷಣ ಶುರುವಾಯಿತು. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ನಾಡಿನ ತಾಯಂದಿರ ಮಾನದ ಬಗ್ಗೆ ಅಬ್ಬರಿಸುತ್ತಿದ್ದ ಸಾಹೇಬರು ಇದ್ದಕ್ಕಿದ್ದಂತೆ ಬೆವೆತು, ಹೊಟ್ಟೆ ಹಿಡಿದುಕೊಂಡು ವೇದಿಕೆ ಇಳಿದು ಬಂದರು.

"ಯವ್ವಾ, ಲಗೂನ ಹೇಳು, ಇಲ್ಲಿ ಪಾಯಖಾನಿ ಎಲ್ಲೈತಿ?"

ದುರುಗವ್ವ ಬ್ಯಾಟರಿ ಹೊತ್ತಿಸಿ ಅವರ ಕೈಗಿಟ್ಟಳು.