ಅಟ್ಟದ ಇಲಿ

"ಇದ್ರಲ್ಲಿ ಇಲಿ ಸಾಯಲ್ಲ ಸ್ವಾಮಿ. ಹೆಚ್ಚಂದ್ರೆ ಬೇಜಾರು ಮಾಡ್ಕೋತದೆ."

ಅರಸೀಕೆರೆಯ ಸೈಕಲ್ ಅಂಗಡಿ ಕೃಷ್ಣಪ್ಪ ಹೀಗೆ ಹೇಳಿ ಏರ್‌ಗನ್ನನ್ನು ವಾಪಸು ಪಡೆಯಲು ಕೈ ಚಾಚಿದ. ಷಡಕ್ಷರಪ್ಪ ಕೊಡಲಿಲ್ಲ.

ಅಂಗಡಿಯಲ್ಲಿ ಮೂರು ಏರ್‌ಗನ್ನುಗಳಿದ್ದವು. ಜರ್ಮನಿಯದರ ಬೆಲೆ ಕೇಳಿದ ಮೇಲೆ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ. ಎರಡನೆಯದು ಯಾವನೋ ರೈಲ್ವೆ ಸಾಹೇಬ ಬಿಟ್ಟುಹೋದದ್ದು. ಹಳೆಯದಾದರೂ ಸ್ಪ್ರಿಂಗು ಗಟ್ಟಿ, ಬೆಲೆಯೂ ಹದ. ಕೃಷ್ಣಪ್ಪ ಹಿತ್ತಲ ಗೋಡೆಗೆ ಸಿಗರೇಟು ಡಬ್ಬಿಯ ಮುಚ್ಚಳ ನೇತುಹಾಕಿ ಹೊಡೆದು ತೋರಿಸಿದ್ದ. ಮುಚ್ಚಳ ತೂತಾಗಿತ್ತು. ಮೂರನೆಯದರ ನಳಿಗೆ ಬರೀ ತಗಡು. ಅದರ ಸೀಸದ ಗುಂಡು ಮುಚ್ಚಳಕ್ಕೆ ಬಡಿದು, ಟಣ್ ಎಂದು ಕೆಳಗೆ ಬಿತ್ತು. ಗುರಿ ಕಲಿಯುವ ಮಕ್ಕಳಿಗೆ ಅದು ಸಾಕು ಎಂದಿದ್ದ ಕೃಷ್ಣಪ್ಪ.

ಷಡಕ್ಷರಪ್ಪ ಮೂರನೆಯದನ್ನೇ ಕೊಂಡ. ಲಿಂಗ ಕಟ್ಟಿದವರು, ಜೀವ ತೆಗೆಯಲು ನಾಚಿಕೆಪಡುತ್ತಾರೆ ಎಂದುಕೊಂಡ ಕೃಷ್ಣಪ್ಪ, ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಂದರೆ ದೋಷವಿಲ್ಲವೆಂದು ಸಮಾಧಾನವನ್ನೂ ಹೇಳಿದ. ಷಡಕ್ಷರಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ನಾಚಿಕೆ ಇದ್ದದ್ದು ನಿಜ. ಕಾರಣ ಮಾತ್ರ ಬೇರೆ.

ಹಾರನಹಳ್ಳಿಯ ಅವರ ಮನೆಯ ಅಟ್ಟದಲ್ಲಿ ಕಾಯಿ ತಿನ್ನುವ ಇಲಿಯೇ ಇರಲಿಲ್ಲ.

ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿದರೆ ಅದು ಒಳಗೊಳಗೇ ಒಣಗಿ ಕೊಬ್ಬರಿಯಾಗಲು ವರ್ಷ ಬೇಕು. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಈ ಪದ್ಧತಿ ಷಡಕ್ಷರಪ್ಪನಿಗೆ ಅನುಕೂಲವಾಗಿತ್ತು. ರಾಶಿಯ ಮುಂಭಾಗ ಹಾಗೇ ಬಿಟ್ಟು, ಹಿಂದಿನಿಂದ ಚೀಲ ತುಂಬಿ ಸಂತೆಗೆ ಸಾಗಿಸುತ್ತಿದ್ದ. ಬಂದದ್ದೆಲ್ಲ ಸ್ಟೇಷನ್ ಹಿಂದಿನ ಹೋಟೆಲಿನಲ್ಲಿ ಇಸ್ಪೀಟಿಗೆ ಸಮರ್ಪಣೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ ಅಣ್ಣನ ಮನೆಗೇ ಅವನು ಕನ್ನ ಹಾಕಿದ್ದ.

ಅತ್ತಿಗೆ ರುದ್ರಮ್ಮ ಗುಡಿಸಲೆಂದು ಅಟ್ಟ ಹತ್ತಿದ ದಿನ ರಾಶಿಯ ಬೆನ್ನು ಟೊಳ್ಳಾಗಿರುವುದು ಕಾಣಿಸಿತು. ಅನುಮಾನ ನೇರವಾಗಿ ಆಳು ಜವರಯ್ಯನ ಮೇಲೆ ಹೋಯಿತು. ಅಟ್ಟ ಹತ್ತಿ ಇಳಿಯುವವನು ಅವನೊಬ್ಬನೇ. ಮುದುಕ ಅಂಗಳದಲ್ಲಿ ಕೈಮುಗಿದು ನಿಂತು ಅತ್ತ. ಷಡಕ್ಷರಪ್ಪ ಕಂಬಕ್ಕೆ ಒರಗಿ ನೋಡುತ್ತ ನಿಂತನೇ ಹೊರತು ಬಾಯಿ ಬಿಡಲಿಲ್ಲ. ಥೂ, ಅಂಥ ಬಾಳು.

ಬಾಯಿ ಬಿಟ್ಟವನು ಅಣ್ಣ ಮರುಳಪ್ಪ. "ಇಲಿ ಕಾಟ ಕಣೇ."

"ಇಲಿ ತಿಂದ್ರೆ ತೂತು ಬಿದ್ದ ಕಾಯಾದ್ರೂ ಬಿದ್ದಿರ್ಬೇಕಲ್ಲ? ಕಾಯೇ ಇಲ್ವಲ್ಲ," ಎಂದಳು ರುದ್ರಮ್ಮ.

"ದೊಡ್ಡ ಇಲಿ. ಎಳ್ಕೊಂಡ್ ಹೋಗ್ತವೆ."

ಮರುಳಪ್ಪ ಜೀವಮಾನದಲ್ಲಿ ಸುಳ್ಳಾಡಿದವನಲ್ಲ. ಇರುವೆ ಸಾಲು ಕಂಡರೆ ಸುತ್ತಿಹೋಗುವ ಆಸಾಮಿ. ಅಂಥವನು ತಮ್ಮನ ಕಡೆ ತಿರುಗಿ, ಹೆಚ್ಚು ದುಬಾರಿಯಲ್ಲದ ಒಂದು ಏರ್‌ಗನ್ ತಂದು ನೀನೇ ಅಟ್ಟ ಕಾಯಿ ಎಂದಾಗ ಎಲ್ಲರೂ ಬೆರಗಾದರು. ರುದ್ರಮ್ಮ ಮಾತ್ರ ಪಟ್ಟು ಬಿಡಲಿಲ್ಲ. ಸೋಮವಾರದೊಳಗೆ ಇಲಿ ಕಣ್ಣಿಗೆ ಬೀಳದಿದ್ದರೆ ಜವರಯ್ಯ ಮನೆ ಬಿಡಬೇಕು, ಪಟೇಲರಿಗೂ ದೂರು ಹೋಗಬೇಕು ಎಂದಳು.

ಬಡಪಾಯಿ ಜವರಯ್ಯನ ಅನ್ನ ಈಗ ಇಲ್ಲದ ಇಲಿಯ ಮೇಲೆ ನಿಂತಿತ್ತು. ಆದರೂ ಷಡಕ್ಷರಪ್ಪ ತಗಡಿನ ಏರ್‌ಗನ್ನನ್ನೇ ಆರಿಸಿದ್ದ. ತನ್ನ ತಪ್ಪಿಗೆ ಒಬ್ಬ ನಿರಪರಾಧಿ ಅತ್ತದ್ದು ಸಾಲದೆ? ದಾರಿತಪ್ಪಿ ಬಂದ ಅಳಿಲೊಂದು ಸಾಯುವುದೂ ಬೇಕೆ?

ಮೊದಲ ಸಂಜೆ ಅಟ್ಟದಲ್ಲಿ ಕೂತು, ಸದ್ದಾಗಲೆಂದು ತೊಲೆಗೆ ಗುಂಡು ಹೊಡೆದ. ಬೆಳಿಗ್ಗೆ ಏಣಿಯ ಬುಡದಲ್ಲಿ ಇಲಿಯೊಂದು ಸತ್ತು ಬಿದ್ದಿತ್ತು.

ರುದ್ರಮ್ಮನ ಸಂತೋಷ ಹೇಳತೀರದು. ಮೈದುನನ ಗುರಿಯನ್ನು ಕೇರಿಗೆಲ್ಲ ಕೊಂಡಾಡಿ, ಹೋಳಿಗೆ ಮಾಡಿ ಬಡಿಸಿದಳು. ಷಡಕ್ಷರಪ್ಪ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಬೆಕ್ಕೋ ಹಾವೋ ಕೊಂದಿರಬೇಕು ಎಂದುಕೊಂಡ. ಮಾರನೆಯ ಬೆಳಿಗ್ಗೆಯೂ ಒಂದು ಬಿದ್ದಿತ್ತು. ಈ ಸಲ ಅವಳು ಕಡ್ಡಿಯಿಂದ ಅದನ್ನು ಹೊರಳಿಸಿ ನೋಡಿದಳು.

"ಗುಂಡೇಟಿನ ಗುರುತೇ ಇಲ್ವಲ್ಲೋ ಷಡಕ್ಷರಿ?"

ಪೂಜೆಗೆ ಹೂ ಬಿಡಿಸುತ್ತಿದ್ದ ಮರುಳಪ್ಪ ತಲೆ ಎತ್ತಲಿಲ್ಲ. ರುದ್ರಮ್ಮ ಕಡ್ಡಿ ಬಿಸಾಕಿ, ಇಂಥದ್ದನ್ನು ಯಾರು ಬೇಕಾದರೂ ತಂದು ಹಾಕಬಹುದು, ಜವರಯ್ಯ ಏನು ಕಡಿಮೆ ಜಾಣನೇ ಎಂದು ಗೊಣಗುತ್ತ ಒಳಗೆ ಹೋದಳು.

ಆ ರಾತ್ರಿ, ಇನ್ನು ತಡೆಯಲಾಗದು ಎನ್ನಿಸಿತು ಷಡಕ್ಷರಪ್ಪನಿಗೆ. ಬೆಳಗಾಗುತ್ತಲೇ ಅಣ್ಣನ ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಡಬೇಕು. ಅಣ್ಣ ಹೊಡೆಯಲಿ, ಮನೆಯಿಂದ ಅಟ್ಟಲಿ. ಆದರೆ ಆ ಶಿವಭಕ್ತನಿಗೆ ತಮ್ಮ ಕಳ್ಳ ಎಂದು ಗೊತ್ತಾದ ಮೇಲೆ ಅವನ ಮುಖ ಹೇಗೆ ನೋಡುವುದು? ಇದೇ ಯೋಚನೆಯಲ್ಲಿ ಅಟ್ಟದಲ್ಲೇ ನಿದ್ದೆಗೆ ಬಿದ್ದ.

ಕೋಳಿ ಕೂಗುವ ಹೊತ್ತಿಗೆ ಹಿತ್ತಲ ಬಾಗಿಲು ಕಿರುಗುಟ್ಟಿ ಎಚ್ಚರವಾಯಿತು. ಅಟ್ಟದ ಸಂದಿಯಿಂದ ಇಣುಕಿದ. ಕೆಳಗೆ ಯಾರೋ ಬಾಳೆಲೆಯ ಪೊಟ್ಟಣ ಬಿಚ್ಚಿ, ಸತ್ತ ಇಲಿಯೊಂದನ್ನು ಏಣಿಯ ಬುಡದಲ್ಲಿ ಮಲಗಿಸುತ್ತಿದ್ದರು. ಲಾಟೀನಿನ ಬೆಳಕು ಮುಖಕ್ಕೆ ಬಿತ್ತು.

ಮರುಳಪ್ಪ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡು, ಚೀಲ ಹೊಲಿಯುವ ದಬ್ಬಣದಿಂದ ಇಲಿಯ ಹೊಟ್ಟೆಗೆ ಗುಂಡಿನ ಗಾತ್ರದ ತೂತೊಂದನ್ನು ಮಾಡಿದ.