ಹಿಂದಿನ ಮಾಲೀಕರು

"ಮೊದ್ಲ ಮಂದೀನ ತೋರಸ್ರಿ ಮೇಡಂ. ನನ್ನ ಹೆಸರು, ನಂಬರು ಆಮ್ಯಾಲೆ ಕೊಡ್ತೀನಿ," ಎಂದು ನೀಲಕಂಠಪ್ಪ ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತ. ಬಿಟಿಎಂ ಬಡಾವಣೆಯಲ್ಲಿದ್ದ ಅವನ ಖಾನಾವಳಿಗೆ ಜೋಳದ ರೊಟ್ಟಿ ಬಡಿಯುವ ಹೆಣ್ಣುಮಗಳೊಬ್ಬಳು ಬೇಕಾಗಿದ್ದಳು. ಕೆಲಸಕ್ಕೆ ಜನ ಕೊಡಿಸುವ ಏಜೆನ್ಸಿಗಳಲ್ಲಿ ಇದು ಅವನು ಹತ್ತಿದ ಮೂರನೆಯ ಮೆಟ್ಟಿಲು, ಬನಶಂಕರಿ ಬಸ್ ನಿಲ್ದಾಣದ ಎದುರು, ಬೇಕರಿಯ ಮೇಲಿನ ಮಹಡಿ. ಮೊದಲನೆಯವರು ನಂಬರು ಸಿಕ್ಕಿದ್ದೇ ತಡ ದಿನಕ್ಕೆ ಮೂರು ಸಲ ಫೋನು ಮಾಡಿ ಜೀವ ತಿಂದಿದ್ದರು. ಎರಡನೆಯವರು, ರೊಟ್ಟಿ ಅಂದರೆ ತಂದೂರಿಯಾ ಸಾರ್ ಎಂದು ಕೇಳಿದ್ದರು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು, ಆ ಒಂದು ಅಗುಳನ್ನು ಮೊದಲು ತೋರಿಸಲಿ ಎಂಬುದು ಅವನ ವಾದ.

ಈ ಓಡಾಟ ಮುರಿಗೆವ್ವನಿಗೆ ಗೊತ್ತಿಲ್ಲವೆಂದು ಅವನು ತಿಳಿದಿದ್ದ. ಹದಿನೇಳು ವರ್ಷದಿಂದ ಅವನ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು ಅವಳು. ಈಚೆಗೆ ಬಲ ಭುಜ ಹಿಡಿದುಕೊಂಡು ಕೈ ಏಳುತ್ತಿರಲಿಲ್ಲ. ನೋಯುತ್ತದೆಂದು ಅವಳು ಹೇಳಲಿಲ್ಲ, ನೋಡಿದ್ದೇನೆಂದು ಇವನೂ ಹೇಳಲಿಲ್ಲ. ಹೊಸಬಳನ್ನು ತಂದು ನಿಲ್ಲಿಸಿ, 'ಅಕ್ಕಾ, ಇನ್ನ ಮ್ಯಾಲ ನೀ ಕುರ್ಚಿ ಮ್ಯಾಲ ಕುಂತು ಈಕಿಗೆ ಕಲಿಸು, ಪಗಾರ ಮೊದಲಿನಷ್ಟ' ಎಂದುಬಿಡಬೇಕೆಂದು ಅವನು ಮನಸ್ಸಿನಲ್ಲೇ ಹತ್ತಾರು ಸಲ ಹೇಳಿಕೊಂಡಿದ್ದ. ಮೊದಲೇ ತಿಳಿಸಿದರೆ ಹಟ ಹಿಡಿಯುತ್ತಾಳೆ, ಅತ್ತರೂ ಅತ್ತಾಳು. ಒಳ್ಳೆಯ ಕೆಲಸವನ್ನೂ ಕದ್ದು ಮಾಡಬೇಕೆಂದುಕೊಳ್ಳುವ ಗಂಡಸರಲ್ಲಿ ನೀಲಕಂಠಪ್ಪನೂ ಒಬ್ಬ.

ಏಜೆನ್ಸಿಯ ಸಂಗೀತಾ ನಗುತ್ತಲೇ ಒಂದು ಅರ್ಜಿ ತೆಗೆದು ಮುಂದಿಟ್ಟಳು. ಗಿರಾಕಿಗಳು ತಮ್ಮನ್ನು ದಾಟಿ ನೇರವಾಗಿ ಕರೆದುಕೊಂಡುಬಿಡಬಾರದೆಂದು ಹೆಸರು, ಫೋಟೊ ಎರಡರ ಮೇಲೂ ಬಿಳಿ ಕಾಗದ ಅಂಟಿಸಿದ್ದರು. ವಯಸ್ಸು ನಲವತ್ತೆರಡು. ಊರು ರೋಣ ತಾಲ್ಲೂಕು. ಗಂಟೆಗೆ ಎಂಬತ್ತು ರೊಟ್ಟಿ. ಬಿಟಿಎಂನ ಒಂದೇ ಖಾನಾವಳಿಯಲ್ಲಿ ಹದಿನೇಳು ವರ್ಷದ ಅನುಭವ. ಆರೋಗ್ಯ: ಯಾವ ನೋವೂ ಇಲ್ಲ.

ಹೆಸರು ಮುಚ್ಚಿದವರು ಕೆಳಗಿನ ಸಹಿ ಮುಚ್ಚಲು ಮರೆತಿದ್ದರು. ಗ್ಯಾಸ್ ಸಿಲಿಂಡರು ಬಂದಾಗಲೆಲ್ಲ ಚೀಟಿಯ ಮೇಲೆ ಬೀಳುತ್ತಿದ್ದ ಅದೇ ಸೊಟ್ಟ ಸಹಿ, ಮುರಿಗೆವ್ವ. ನೀಲಕಂಠಪ್ಪ ಮತ್ತೆ ಮೇಲಿನಿಂದ ಓದಿದ. ಅವಳಿಗೆ ಐವತ್ಮೂರು. ಉಳಿದ ಒಂದು ರೊಟ್ಟಿಯನ್ನೂ ಕೇಳದೆ ಮನೆಗೆ ಒಯ್ದವಳಲ್ಲ, ಇಲ್ಲಿ ಹನ್ನೊಂದು ವರ್ಷವನ್ನೇ ನುಂಗಿಹಾಕಿದ್ದಳು. ಎಂಬತ್ತು ರೊಟ್ಟಿ ಯಾವ ಕಾಲದ ಮಾತು! ಈಗ ನಲವತ್ತು ಮುಟ್ಟಿದರೆ ಹೆಚ್ಚು.

"ಸಖತ್ ಕ್ಯಾಂಡಿಡೇಟ್ ಸಾರ್," ಎಂದಳು ಸಂಗೀತಾ. "ಎರಡು ಮಂಗಳವಾರ ಬಂದಿದ್ರು. ಬನಶಂಕರಿ ಗುಡಿಗೆ ಹೋಗ್ತೀನಿ ಅಂತ ರಜ ಕೇಳ್ಕೊಂಡು ಬಂದಿದ್ದಂತೆ, ಪಾಪ."

ದೀಪ ಹಚ್ಚಲೆಂದು ಅಡುಗೆಮನೆಯಿಂದ ನಿಂಬೆಹಣ್ಣು ಆರಿಸಿ ಮುರಿಗೆವ್ವನ ಕೈಗೆ ಕೊಟ್ಟವನು ಅವನೇ.

"ಇದ್ದ ಕೆಲಸ ಯಾಕ ಬಿಡ್ತಾರಂತ?" ಎಂದು ಹೇಗೋ ಕೇಳಿದ.

"ಅವರ ಓನರು ಚಿಕ್ಕ ವಯಸ್ಸಿನವರನ್ನ ಹುಡುಕ್ತಿದಾರಂತೆ ಸಾರ್. ಓನರ್ ಫೋನು ಚಾರ್ಜಿಗೆ ಹಾಕಿ ಎಲ್ಲೋ ಹೋಗಿದ್ದಾಗ ಯಾವುದೋ ಏಜೆನ್ಸಿಯವರು ಫೋನ್ ಮಾಡಿದಾರೆ. ಇವರೇ ಎತ್ತಿದಾರೆ. 'ರೊಟ್ಟಿ ಮಾಡೋಕೆ ನಲವತ್ತೈದರೊಳಗಿನವರು ಬೇಕು ಅಂದಿದ್ರಲ್ಲ' ಅಂದ್ರಂತೆ. ಆ ಅಕ್ಕ ನಿಮ್ ಕಡೆಯವರೇ ಸಾರ್. 'ಮಾಲಕ್ರು ಭಾಳ ಚಲೋ ಮನಷ್ಯಾ, ಹೋಗು ಅನ್ನಾಕ ಅವರಿಗೆ ಬಾಯಿ ಬರಂಗಿಲ್ಲ, ನಾನ ಹೋದ್ರ ಅವರಿಗೂ ಹಗರ' ಅಂತ ಹೇಳಿ ನಕ್ರು."

ನಲವತ್ತೈದರ ಆ ಷರತ್ತು ನೀಲಕಂಠಪ್ಪನದೇ. ಆ ಖಾನಾವಳಿ ನನ್ನದೇ, ಆ ಮಾಲೀಕ ನಾನೇ ಎಂದು ಹೇಳಲು ಬಾಯಿ ತೆರೆದ. ನಾಚಿಕೆಯಾಯಿತು. "ಅವರಿಗೆ ಬ್ಯಾರೆ ಕಡೆ ಕೆಲಸ ಸಿಕ್ಕೈತೇನ್ರಿ?" ಎಂದಷ್ಟೇ ಕೇಳಿದ.

"ಜೆ.ಪಿ. ನಗರದಲ್ಲಿ ಒಂದು ಕ್ಯಾಂಟೀನ್‌ನವರು ಕೇಳ್ತಿದಾರೆ. ಅಲ್ಲಿ ರೊಟ್ಟಿ ಇಲ್ಲ, ಪಾತ್ರೆ ತೊಳೆಯೋದು. ಅದೂ ಆಗತ್ತೆ ಅಂದಿದಾರೆ. ಹಳೇ ಓನರ್ ಹತ್ರ ವಿಚಾರಿಸೋದೊಂದು ಬಾಕಿ. ಬೇರೆ ಏಜೆನ್ಸಿಯವರು ಇದೆಲ್ಲ ಮಾಡಲ್ಲ ಸಾರ್. ನಾವು ವಿಚಾರಿಸದೆ ಒಬ್ಬರನ್ನೂ ಕಳಿಸಲ್ಲ. ನಿಮ್ಮೆದುರಿಗೇ ಮಾಡ್ತೀನಿ ನೋಡಿ. ಆಮೇಲೆ ನಮ್ಮ ಏಜೆನ್ಸಿ ಬೇಕೋ ಬೇಡ್ವೋ ನೀವೇ ಹೇಳಿ."

ಅರ್ಜಿಯ ಬೆನ್ನು ತಿರುಗಿಸಿ, ಅಲ್ಲಿದ್ದ ನಂಬರು ಒತ್ತಿ, ಅವಳು ಫೋನು ಕಿವಿಗಿಟ್ಟುಕೊಂಡಳು. ನೀಲಕಂಠಪ್ಪನ ಅಂಗಿಯ ಜೇಬು ರಿಂಗಾಯಿತು. ಅವನು ಅಂಗೈಯಿಂದ ಜೇಬನ್ನು ಒತ್ತಿ ಹಿಡಿದ. ಅಂಗೈಯ ಕೆಳಗೂ ಅದು ಬಡಿದುಕೊಳ್ಳುತ್ತಲೇ ಇತ್ತು. ಕಣ್ಣು ತುಂಬಿ ಎದುರಿನ ಅಕ್ಷರಗಳು ಕಲಸಿಹೋದವು.

"ನಿಮ್ಮ ಫೋನು ಸಾರ್. ಮಾತಾಡಿ, ಪರವಾಗಿಲ್ಲ," ಎಂದು ಸಂಗೀತಾ ಮೆಲ್ಲಗೆ ಹೇಳಿದಳು. ಅವನು ಅಲ್ಲಾಡಲಿಲ್ಲ. ಕೊನೆಗೆ ಅವಳೇ ಸಾಕಾಗಿ ಫೋನು ಇಳಿಸಿದಳು. ಅವನ ಜೇಬೂ ಸುಮ್ಮನಾಯಿತು.

"ಎತ್ತುತ್ತಾನೇ ಇಲ್ಲ ಸಾರ್," ಎಂದಳು ಬೇಸರದಿಂದ. "ಆ ಅಕ್ಕ ಇದೊಂದೇ ನಂಬರ್ ಕೊಟ್ಟಿರೋದು. ಬೇರೆ ಯಾರನ್ನೂ ಕೇಳೋದೇ ಬೇಡ, ಇವರು ನನ್ನ ಬಗ್ಗೆ ಒಳ್ಳೇದನ್ನೇ ಹೇಳ್ತಾರೆ ಅಂದಿದ್ರು."