ರಸೂಲ್ ಸಾಬರ ಫೋರ್ಡ್

ಬಾನೆಟ್ ಬಿಸಿಯಾಗಿತ್ತು. ನಸರುಲ್ಲಾ ಅಂಗೈ ತೆಗೆದು ಮತ್ತೊಮ್ಮೆ ಇಟ್ಟು ನೋಡಿದ. ಅನುಮಾನವೇ ಇಲ್ಲ. ರಂಜಾನ್ ಕಳೆದ ಮೇಲೆ ಕಾರುಗಳನ್ನು ಹೊರಗೆ ತೆಗೆದೇ ಇಲ್ಲ ಎಂದು ಚಾಚಾ ಈಗ ತಾನೇ ಹೇಳಿದ್ದರು. ಹೇಳುವಾಗ ಗಡ್ಡ ಕೆರೆದುಕೊಂಡಿದ್ದರು. ರಸೂಲ್ ಸಾಬರು ಸುಳ್ಳು ಹೇಳುವಾಗ ಗಡ್ಡ ಕೆರೆದುಕೊಳ್ಳುತ್ತಾರೆಂಬುದು ಇಡೀ ಬಂಧುಬಳಗಕ್ಕೆ ಗೊತ್ತಿದ್ದ ವಿಷಯ.

ರಸೂಲ್ ಸಾಬರು ಭದ್ರಾವತಿಯಲ್ಲಿ ಸೌದೆಯ ಕಂಟ್ರಾಕ್ಟುದಾರರು. ಮನೆಯ ಹಿಂದಿನ ಶೆಡ್ಡಿನಲ್ಲಿ ಅವರ ಎರಡು ಕಾರುಗಳಿದ್ದವು. ಕರಿ ಫೋರ್ಡ್ ಅವರ ಮದುವೆಯ ವರ್ಷ ಮನೆಗೆ ಬಂದದ್ದು. ಹಸಿರು ಮಾರಿಸ್ ಅದರ ಬೆನ್ನಿಗೇ ಬಂದದ್ದು. 1962ರ ಹೊತ್ತಿಗೆ ಊರಿನ ಹೊಸ ಸಾಹುಕಾರರೆಲ್ಲ ಅಂಬಾಸಿಡರ್ ಕೊಂಡು ಮೆರೆಯುತ್ತಿದ್ದರು. ನಸರುಲ್ಲಾನ ಕಣ್ಣಿಗೆ ಅವು ಹಿಡಿಯಲೇ ಇಲ್ಲ. ಫೋರ್ಡಿನ ಆ ಉದ್ದ ಮೂತಿ, ಅಗಲವಾದ ಫುಟ್‌ಬೋರ್ಡು, ಕೋಣದಂತೆ ಗುಟುರು ಹಾಕುವ ಹಾರ್ನು ಅವನ ನಿದ್ದೆ ಕೆಡಿಸಿದ್ದವು. ಶಿವಮೊಗ್ಗದ ಗಾಂಧಿ ಬಜಾರಿನ ತನ್ನ ಅಂಗಡಿಯಲ್ಲಿ ಬಟ್ಟೆ ಅಳೆಯುವಾಗಲೂ ಅವನ ಬಲಗಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತಿತ್ತು.

ಚಾಚಾಗೆ ಮಕ್ಕಳಿಲ್ಲ. ಕಾರುಗಳು ಅಣ್ಣನ ಮಗನಿಗಲ್ಲದೆ ಇನ್ಯಾರಿಗೆ? ಆ ಆಸೆಯಲ್ಲಿ ಅವನು ಭಾನುವಾರ ತಪ್ಪದೆ ರೈಲು ಹತ್ತಿ ಬರುತ್ತಿದ್ದ. ಚಾಚಾಗೆ ಖರ್ಜೂರ ತರುತ್ತಿದ್ದ, ಅತ್ತರು ತರುತ್ತಿದ್ದ, ಕೂರಿಸಿಕೊಂಡು ಕಾಲು ಒತ್ತುತ್ತಿದ್ದ. ಚಾಚಿ ಖುರ್ಷಿದ್ ಬೇಗಂ ಚಹಾ ತಂದರೆ ಮಾತ್ರ ತಲೆ ಎತ್ತದೆ ಲೋಟ ತೆಗೆದುಕೊಳ್ಳುತ್ತಿದ್ದ. ಅವರಿಂದ ಆಗಬೇಕಾದದ್ದು ಏನಿತ್ತು? ನೆಂಟರ ಮದುವೆಗೆಂದು ಬಾಗಿಲಿಗೆ ಟ್ಯಾಕ್ಸಿ ತರಿಸಿದರೂ, "ನಂಗೆ ತಲೆ ತಿರುಗುತ್ತೆ" ಎಂದು ರೈಲಿಗೇ ಹೋಗುವ ಹೆಂಗಸು.

"ಚಾಚಾ, ಒಂದು ರೌಂಡು ಓಡಿಸ್ಲಾ?" ಎಂದಾಗಲೆಲ್ಲ ರಸೂಲ್ ಸಾಬರದು ಒಂದೇ ಉತ್ತರ.

"ಕೇಳಿ ನೋಡ್ತೀನಿ, ಬೇಟಾ."

ಯಾರನ್ನು ಕೇಳುತ್ತಾರೋ. ದೇವರನ್ನೇ ಇರಬೇಕು ಎಂದು ನಸರುಲ್ಲಾ ಸುಮ್ಮನಾಗುತ್ತಿದ್ದ.

ಈಗ ಅವನು ಬಾಗಿಲು ತೆಗೆದು ಕಾರಿನೊಳಗೆ ಇಣುಕಿದ. ಸ್ಟಿಯರಿಂಗ್ ಹಿಂದಿನ ಸೀಟಿನ ಮೇಲೆ ದಪ್ಪನೆಯ ದಿಂಬು. ಚಾಚಾಗೆ ಮೂಲವ್ಯಾಧಿ ಶುರುವಾಗಿರಬೇಕು, ಪಾಪ. ಆದರೆ ಮೂಗಿಗೆ ಬಡಿದ ಮಲ್ಲಿಗೆಯ ವಾಸನೆಗೆ ಯಾವ ವ್ಯಾಧಿಯೂ ಕಾರಣವಾಗಿರಲಾರದು.

ಹೊಳೆಯ ಸೇತುವೆ ಬಳಿ ಸೋಡಾ ಅಂಗಡಿ ಇಟ್ಟಿದ್ದ ಶೇಷಪ್ಪ ಅದಕ್ಕೆ ಅರ್ಥ ಹೇಳಿದ.

"ನಾನು ಹೇಳ್ದೆ ಅನ್ಬೇಡ ಮಾರಾಯ. ನಿಮ್ಮ ಚಾಚಾನ ಕಾರು ಆಗಾಗ ತರೀಕೆರೆ ರಸ್ತೆ ಕಡೆ ಹೋಗುತ್ತೆ. ನಾನು ತಲೆ ಎತ್ತೋಷ್ಟರಲ್ಲಿ ದಾಟಿರುತ್ತೆ. ಹಿಂದಿನ ಗಾಜಲ್ಲಿ ಎರಡು ತಲೆ ಕಾಣುತ್ತೆ. ಒಂದು ಅವರ ಟೋಪಿ. ಇನ್ನೊಂದು ಬುರ್ಖಾ."

"ಬುರ್ಖಾನಾ?"

"ಹುಡುಗೀನೇ ಇರಬೇಕು. ನಗು ಇಲ್ಲೀತನಕ ಕೇಳುತ್ತೆ."

ನಸರುಲ್ಲಾನಿಗೆ ಸಿಟ್ಟು ಬಂತು. ಚಾಚಿಯ ಪರವಾಗಿ ಅಲ್ಲ. ಆ ಹುಡುಗಿಯನ್ನು ಚಾಚಾ ನಿಕಾಹ್ ಮಾಡಿಕೊಂಡು, ನಾಳೆ ಒಂದು ಮಗು ಹುಟ್ಟಿದರೆ ಕಾರುಗಳ ಗತಿ ಏನು? ಸೋಡಾ ಮುಗಿಯುವಷ್ಟರಲ್ಲಿ ಸಿಟ್ಟು ಇಳಿದು ಉಪಾಯ ಹೊಳೆಯಿತು. ಚಾಚಿಗೆ ಹೇಳಬೇಕು. ಚಾಚಿ ರಂಪ ಮಾಡಬೇಕು. ಕಾರುಗಳು ಆ ಮನೆ ಬಿಡಬೇಕು. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಶಿವಮೊಗ್ಗಕ್ಕೆ.

ಚಾಚಾ ಮಸೀದಿಗೆ ಹೋದ ಹೊತ್ತು ನೋಡಿ ಅವನು ಒಳಗೆ ಹೋದ. ಚಾಚಿ ಬಚ್ಚಲಲ್ಲಿ ಕೂತು ಉಗುರಿನ ಸಂದಿಯ ಕಪ್ಪು ತೆಗೆಯುತ್ತಿದ್ದರು. ಪಾತ್ರೆಯ ಮಸಿ ಎಲ್ಲಿ ಬೇಗ ಬಿಡುತ್ತದೆ?

"ಹೇಗೆ ಹೇಳೋದೋ ಗೊತ್ತಾಗ್ತಿಲ್ಲ, ಚಾಚಿ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದ. ತನ್ನದೂ ಒಂದಿಷ್ಟು ಸೇರಿಸಿದ.

ಖುರ್ಷಿದ್ ಬೇಗಂ ನಿಧಾನವಾಗಿ ಕೈ ಒರೆಸಿಕೊಂಡರು. "ಹುಡುಗಿ ಅಂದ್ನಾ ಶೇಷಪ್ಪ?"

"ಹೌದು ಚಾಚಿ. ಭಾರೀ ನಗ್ತಾಳಂತೆ."

"ನೋಡೋಕೆ ಹೇಗಿದ್ದಾಳಂತೆ?"

"ಮುಖ ಎಲ್ಲಿ ಕಾಣುತ್ತೆ? ಆದ್ರೆ ಒಳ್ಳೆ ಗತ್ತಿನವಳಂತೆ."

ಚಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಭುಜಗಳು ಕುಲುಕತೊಡಗಿದವು. ಅದನ್ನು ಕಂಡು ನಸರುಲ್ಲಾನಿಗೆ ಒಂದು ಗಳಿಗೆ ನಾಚಿಕೆಯಾಯಿತು. ಒಂದೇ ಗಳಿಗೆ.

"ಕಾರು ಇರೋತನಕ ಅವಳೂ ಇರ್ತಾಳೆ, ಚಾಚಿ. ಎರಡು ಕಾರನ್ನೂ ನಾನು ಶಿವಮೊಗ್ಗಕ್ಕೆ ತಗೊಂಡು ಹೋಗಿಬಿಟ್ರೆ..."

"ಬರೋ ಭಾನುವಾರ ಸಂಜೆ ಸೇತುವೆ ಹತ್ರ ನಿಂತಿರು." ಚಾಚಿಯ ದನಿ ನಡುಗುತ್ತಿತ್ತು. "ನೀನೇ ಕಣ್ಣಾರೆ ನೋಡು. ಕಾರು ಯಾರಿಗೆ ಅನ್ನೋದನ್ನ ಅಲ್ಲೇ ತೀರ್ಮಾನ ಮಾಡೋಣ."

ಭಾನುವಾರ ನಸರುಲ್ಲಾ ಇಸ್ತ್ರಿ ಮಾಡಿದ ಷರಟು ತೊಟ್ಟು ಬಂದ. ಕಾರು ಓಡಿಸುವಾಗ ಹಾಕಿಕೊಳ್ಳಲೆಂದು ಕೊಂಡಿಟ್ಟಿದ್ದ ಕಪ್ಪು ಕನ್ನಡಕ ಜೇಬಿನಲ್ಲಿತ್ತು. ಶೇಷಪ್ಪನ ಅಂಗಡಿಯ ಮರೆಯಲ್ಲಿ ನಿಂತು ಕಾದ.

ಫೋರ್ಡ್ ಬಂತು. ಇಳಿಬಿಸಿಲು ಬಡಿದು ಮುಂದಿನ ಗಾಜು ತಗಡಿನಂತೆ ಹೊಳೆಯುತ್ತಿತ್ತು. ಒಳಗೆ ಯಾರಿದ್ದಾರೆಂದು ಕಾಣಲಿಲ್ಲ. ಆದರೆ ನಗು ಕೇಳಿಸಿತು. ಅಷ್ಟು ಸಾಕಾಯಿತು. ನಸರುಲ್ಲಾ ರಸ್ತೆಯ ನಡುವೆ ನುಗ್ಗಿ ಎರಡೂ ಕೈ ಅಗಲಿಸಿ ನಿಂತ. ಬ್ರೇಕು ಕಿರುಚಿತು. ಕಾರು ಅತ್ತಿತ್ತ ಅಲುಗದೆ, ಅವನ ಮೊಣಕಾಲಿಗೆ ತಾಗಿಯೂ ತಾಗದಂತೆ ಬಂದು ನಿಂತಿತು. ಆ ಸಿಟ್ಟಿನಲ್ಲೂ ಚಾಚಾನ ಕೈಚಳಕಕ್ಕೆ ಅವನು ಮನಸ್ಸಿನಲ್ಲೇ ತಲೆದೂಗಿದ.

"ಸಿಕ್ಕಿಬಿದ್ರಲ್ಲ ಚಾಚಾ" ಎನ್ನುತ್ತ ದಾಪುಗಾಲು ಹಾಕಿ ಬಲಗಡೆಯ ಕಿಟಕಿಯೊಳಗೆ ಮುಖ ತೂರಿಸಿದ.

"ನಾನು ಈ ಕಡೆ ಇದೀನಿ, ಬೇಟಾ" ಎಂದಿತು ಎಡಗಡೆಯ ಸೀಟಿನಿಂದ ರಸೂಲ್ ಸಾಬರ ದನಿ.

ಸ್ಟಿಯರಿಂಗ್ ಹಿಡಿದು ಕೂತಿದ್ದ ಖುರ್ಷಿದ್ ಬೇಗಂ ಬುರ್ಖಾದ ಮುಸುಕೆತ್ತಿ, ಗೇರು ಹಾಕುತ್ತ ಹೇಳಿದರು: "ನಮ್ಮ ಅಬ್ಬಾ ನಂಗೆ ಕೊಟ್ಟ ಕಾರುಗಳಪ್ಪ ಇವು, ನಿಮ್ಮ ಚಾಚಾಗೇ ಇವತ್ತಿನತನಕ ಓಡಿಸೋಕೆ ಬಿಟ್ಟಿಲ್ಲ, ನಿಂಗೆ ಬಿಡ್ತೀನಾ? ಹಿಂದೆ ಹತ್ತಿ ಕೂತ್ಕೋ."